ತುಟಿಗೆ ದನಿ ಹೊಂದಿಸಿದ ಪುಟ್ಟ ಪ್ಲೇಯರ್

ಆ ಬೀದಿಯ ಕ್ಷೌರಿಕನನ್ನು ಗಿರಾಕಿಗಳೆಲ್ಲ ರೇಡಿಯೋ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಮಗು ನಡೆಯಲು ಕಲಿತಿತು, ಯಾವ ಬಾಡಿಗೆಯವರು ಮನೆ ಬಿಟ್ಟರು, ಎಲ್ಲ ಸುದ್ದಿಯೂ ಅವನ ಅಂಗಡಿಯನ್ನು ಹಾದೇ ಮುಂದೆ ಹೋಗಬೇಕು. ಅಂಥವನಿಗೆ ಒಂದು ಬೆಳಿಗ್ಗೆ, ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿರುವಾಗಲೇ ಬಲಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು. ಲಕ್ವ ಹೊಡೆದಿತ್ತು.

ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕೈಗೆ ಅಷ್ಟಿಷ್ಟು ಬಲ ಬಂದಿತ್ತು. ಮಾತು ಮಾತ್ರ ಬಂದಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಬರೀ "ಬ ಬ". ಮಾತು ಕಲಿಸುವ ಡಾಕ್ಟರಮ್ಮ ಅವನ ಹೆಂಡತಿಯ ಕೈಗೆ ಪೆನ್ ಡ್ರೈವ್ ಕೊಟ್ಟು, "ಇದ್ರಲ್ಲಿ ನನ್ನ ತುಟಿ ಹೇಗೆ ಆಡುತ್ತೆ ಅಂತ ನೋಡ್ಕೊಂಡು ಇವರೂ ಹಾಗೇ ಆಡಿಸ್ಬೇಕು. ಫೋನಲ್ಲಿ ಬೇಡಮ್ಮ, ದೊಡ್ಡ ಪರದೆ ಇರ್ಲಿ" ಎಂದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಹಾಡು ಹಾಕಲೆಂದು ಎಂದೋ ತಂದ ಕಂಪ್ಯೂಟರ್ ಇತ್ತು. ಕೀಲಿಮಣೆಯ ಸಂದಿಯಲ್ಲೆಲ್ಲ ಕೂದಲ ಚೂರು. ಹೆಂಡತಿ ಬ್ರಶ್ಶಿನಿಂದ ಉಜ್ಜಿ ತೆಗೆದು ವಿಡಿಯೋ ಹಾಕಿದಳು. ಡಾಕ್ಟರಮ್ಮನ ದನಿ "ಅಮ್ಮ" ಎಂದು ಮುಗಿಸಿದ ಮೇಲೆ ಪರದೆಯ ಮೇಲಿನ ತುಟಿಗಳು ಸಾವಕಾಶವಾಗಿ ಕೂಡಿಕೊಂಡವು. ಆಮೇಲೆ ಚಿತ್ರ ಅಲ್ಲೇ ನಿಂತುಬಿಟ್ಟಿತು. ಕಣ್ಣು ಹೇಳಿದ್ದು ಒಂದು, ಕಿವಿ ಹೇಳಿದ್ದು ಇನ್ನೊಂದು. ಅವನು ಗೊಂದಲಕ್ಕೆ ಬಿದ್ದು, ಮೇಜು ಗುದ್ದಿ, ಗೋಡೆಯ ಕಡೆ ತಿರುಗಿ ಕೂತ.

"ನಿಮ್ಮ ತಪ್ಪಲ್ಲ ಕಣ್ರೀ, ಆ ಡಬ್ಬಕ್ಕೇ ನಾಲಿಗೆ ಹೊರಳ್ತಿಲ್ಲ" ಎಂದಳು. ಅವನ ಹೆಗಲು ಕುಲುಕಿತು. ನಗುತ್ತಿದ್ದ.

ಮರುದಿನ ಅವಳು ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ, ಮುಖ್ಯರಸ್ತೆಯ ರಿಪೇರಿ ಅಂಗಡಿಗೆ ಹೊತ್ತೊಯ್ದಳು.

"ಅಕ್ಕಾ, ಇದು ನಮ್ಮಜ್ಜನ ವಾರಿಗೆದು! ಹೊಸದು ತಗೊಳ್ಳಿ" ಎಂದ ರಿಪೇರಿಯವನು.

"ಹೊಸದರ ಮಾತು ಆಮೇಲಾಗ್ಲಿ ಅಣ್ಣ. ನಂಗೆ ಬೇಕಾಗಿರೋದು ಇಷ್ಟೇ, ತುಟಿ ಆಡಿದಾಗಲೇ ದನಿ ಬರ್ಬೇಕು."

ಯಾಕೆಂದು ಕೇಳಿದ. ಅವಳು ಹೇಳಿದಳು. ಅವನು ಕೈಲಿದ್ದ ಕೆಲಸ ಪಕ್ಕಕ್ಕಿಟ್ಟ.

"ಇದರಲ್ಲಿ ವಿಡಿಯೋ ಓಡಿಸೋ ಪ್ಲೇಯರ್ ಇದೆಯಲ್ಲ, ಮೂಗಿಗಿಂತ ಮೂಗುತಿ ಭಾರ. ಹಗುರವಾದದ್ದು ಹುಡುಕೋಣ ಕೂತ್ಕೊಳ್ಳಿ."

ಅವನು ಹಾಕಿದ ಮೊದಲನೆಯ ಪ್ಲೇಯರ್, ಈ ಹಳೆಯ ಯಂತ್ರದಲ್ಲಿ ತಾನು ಓಡುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳಿತು. ಇನ್ನೊಂದರಲ್ಲಿ ದನಿ ಉಂಟು, ಚಿತ್ರ ಕಪ್ಪು. ಅವಳ ಮುಖ ಸಣ್ಣಗಾಯಿತು. ಹಳೆಯ ಯಂತ್ರಗಳಿಗೆಂದೇ ಯಾರೋ ಮಾಡಿಟ್ಟಿದ್ದ ಒಂದು ಪುಟ್ಟ ಪ್ಲೇಯರ್ ಕೊನೆಗೂ ಅವನಿಗೆ ಸಿಕ್ಕಿತು. ಬೂದುಬಣ್ಣದ ಚೌಕ, ಕೆಳಗೆ ನಾಲ್ಕಾರು ಗುಂಡಿ, ಅಂದವಿಲ್ಲ, ಚಂದವಿಲ್ಲ. ಒತ್ತಿದ. "ಅಮ್ಮ" ಎಂದರು ಡಾಕ್ಟರಮ್ಮ, ತುಟಿ ದನಿ ಎರಡೂ ಒಟ್ಟಿಗೆ. ಅವಳಿಗೆ ಗೊತ್ತಿಲ್ಲದೆಯೇ ಅವಳ ತುಟಿಯೂ ಆಡಿತು. ರಿಪೇರಿಯವನದೂ ಆಡಿತು. ನಿಧಾನವಾಗಿ ಓಡಿಸುವುದನ್ನೂ ಅವನೇ ತೋರಿಸಿಕೊಟ್ಟ.

ಅಂದಿನಿಂದ ಗಂಡಹೆಂಡಿರಿಬ್ಬರೂ ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ಕೂರತೊಡಗಿದರು. ಒಮ್ಮೆ ಪರದೆ ನೋಡುವುದು, ಒಮ್ಮೆ ಕನ್ನಡಿ. ಬಾಯಿ ಅಗಲಿಸಿ, ತುಟಿ ಮುಂದೆ ಮಾಡಿ, ನಾಲಿಗೆ ಹೊರಚಾಚಿ ಇಬ್ಬರೂ ಅಭ್ಯಾಸ ಮಾಡುತ್ತಿದ್ದರೆ, ದಾರಿಹೋಕರು ಗಾಜಿನ ಬಾಗಿಲಲ್ಲಿ ಇಣುಕಿ ಬೆಚ್ಚಿಬೀಳುತ್ತಿದ್ದರು. ವಾರಗಳು ಹೋದವು. "ಬ" ಎನ್ನುತ್ತಿದ್ದವನು "ಮ" ಎಂದ, "ಪ" ಎಂದ. ಕೆಲವು ದಿನ ಏನೂ ಬರದೆ ಕಣ್ಣೀರು ಹಾಕಿದ.

ಒಂದು ಸಂಜೆ ಅವಳು ಜಾರಿಬಿದ್ದ ಬಾಚಣಿಗೆ ಎತ್ತಿಕೊಂಡು ಪರದೆಗೆ ಅಡ್ಡ ನಿಂತಳು.

"ತಲೆ... ತಗ್ಸೇ!"

ಅವಳು ಥಟ್ಟನೆ ತಿರುಗಿದಳು. "ಏನಂದ್ರಿ?"

"ತಲೆ ತಗ್ಸು."

"ಇಷ್ಟು ದಿನ ಆದ್ಮೇಲೆ ಬಾಯಿ ಬಿಟ್ರೆ ಮೊದಲ ಮಾತೇ ಗದರೋದಾ!" ಎನ್ನುತ್ತ ಅವಳು ಅವನ ಮಂಡಿಗೆ ಹಣೆಯೊತ್ತಿ ನಕ್ಕಳು, ಅತ್ತಳು. ಅವನು ಎಡಗೈಯಿಂದ ಅವಳ ಕೂದಲು ಸವರಿದ.

ಈಗ ಅಂಗಡಿ ತೆರೆದಿದೆ. ಕತ್ತರಿ ಹಿಡಿಯುವುದು ಅವನ ತಮ್ಮ. ಅವನು ಪಕ್ಕದಲ್ಲಿ ಕೂತು, ಬಂದವರನ್ನು ಒಂದೊಂದೇ ಮಾತು ಕೂಡಿಸಿ ಮಾತಾಡಿಸುತ್ತಾನೆ. ಅವನ ಮಾತು ಮುಗಿಯುವವರೆಗೆ ಗಿರಾಕಿಗಳು ಕಾಯುತ್ತಾರೆ. "ರ" ಇನ್ನೂ ಸತಾಯಿಸುತ್ತಿದೆ.

ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಹೇಗಿದ್ದಾರಮ್ಮ ಇವರು?" ಎಂದು ಹೆಂಡತಿಯನ್ನು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈಯೆತ್ತಿ ತಡೆದ.

"ನಾನು... ಹೇಳ್ತೀನಿ. ಮುಂದಿನ ಪಾಠ... ಕೊಡಿ."