ತಗಡಿನ ಬಿಸಿ

ಗೂಡಿನ ಬಾಗಿಲು ತೆಗೆದಾಗ ಕೋಳಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡು ಕೂತೇ ಇತ್ತು. ಕೈ ಹಾಕಿದರೂ ಕುಕ್ಕಲಿಲ್ಲ. ಸತ್ತುಹೋಗಿತ್ತು.

ಅದು ಪಕ್ಕದ ಮನೆ ಮಾದಮ್ಮಜ್ಜಿಯ ಕೋಳಿ, ಆಕೆಗಿದ್ದುದು ಅದೊಂದೇ. ಮರಿಗಳಲ್ಲಿ ಅರ್ಧ ನನಗೆಂದು ಮಾತಾಗಿ, ಕಾವಿಗೆ ಕೂತಿದ್ದ ಅದನ್ನು ನನ್ನ ಹೊಸ ಗೂಡಿಗೆ ತಂದುಬಿಟ್ಟಿದ್ದಳು. ನಮ್ಮ ಬೇಗೂರಿನಲ್ಲಿ ಎಲ್ಲರೂ ಕಾವಿನ ಕೋಳಿಗೆ ಬಿದಿರು ಮಂಕರಿ ಕವುಚುತ್ತಾರೆ. ನಾನು ಮಾತ್ರ ಮುಂಗುಸಿ ನುಗ್ಗಬಾರದೆಂದು ಸಂದುಗಳಿಗೆಲ್ಲ ಮಣ್ಣು ಮೆತ್ತಿ, ರಸ್ತೆಗೆ ಟಾರು ಹಾಕಿದವರು ಬಿಟ್ಟುಹೋದ ಪೀಪಾಯಿಯನ್ನು ಸೀಳಿ, ಆ ತಗಡನ್ನೇ ಸೂರು ಮಾಡಿದ್ದೆ. ಊರಿಗೆಲ್ಲ ತೋರಿಸಿ ಮೆರೆದಿದ್ದೆ. ಆವತ್ತು ಸುಡು ಬಿಸಿಲಲ್ಲಿ ಅಗುಳಿ ಹಾಕಿ ಗುಂಡ್ಲುಪೇಟೆಗೆ ಹೋದವನು ವಾಪಸು ಬಂದದ್ದು ಮಧ್ಯಾಹ್ನ ಕಳೆದ ಮೇಲೆ.

ನಾನು ಕೂಗಿದ್ದಕ್ಕೆ ಅಜ್ಜಿ ಓಡಿ ಬಂದಳು. ಕೋಳಿಯನ್ನು ಎತ್ತಿ ಪಕ್ಕಕ್ಕಿಟ್ಟು, ಮೊಟ್ಟೆಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡಳು.

"ಇನ್ನೂ ಬೆಚ್ಚಗವೆ ಕಣಪ್ಪ, ಒಳಗೆ ಜೀವ ಅದೆ. ನಾನೇ ಕಾವು ಕೊಡ್ತೀನಿ ಬುಡು," ಎಂದಳು.

ಆ ಬಿಸಿ ತಗಡಿನದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮರಿ ಒಡೆಯಬೇಕಾದ ದಿನ ಕಳೆದು ವಾರವಾದರೂ, ಅಜ್ಜಿ ಜಗಲಿಯಲ್ಲಿ ಕೂತು ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದು ಆಲಿಸುತ್ತಿದ್ದಳು.