ಸ್ಟೇರಿಂಗ್ ಬಿಟ್ಟುಕೊಡದ ಪ್ರೇಮಲತಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಬ್ಬೂರಿನ ಪಕ್ಕದ ಹಳ್ಳಿಯೊಂದರ ಡೇರಿ ಮುಂದೆ ಕ್ಯಾನುಗಳ ಸಾಲು ಆಗಲೇ ರಸ್ತೆಗೆ ಬಂದಿದೆ. ಹಾಲು ಪರೀಕ್ಷೆ ಮಾಡುವ ಪ್ರೇಮಲತಾ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಬಗ್ಗಿ ನೋಡಿ, ತಲೆ ಅಲ್ಲಾಡಿಸುತ್ತಾರೆ.

“ವಾಪಸ್ ತಗಂಡೋಗಿ ದೊಡ್ಡಮ್ಮ. ಡಿಗ್ರಿ ಬಂದಿಲ್ಲ.”

“ನಾನೇನ್ ನೀರು ಬೆರೆಸ್ತೀನಾ?” ಕ್ಯಾನು ತಂದ ಗಿರಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೇ ನಿಲ್ಲುತ್ತಾರೆ.

“ಬೆರೆಸಿದ್ರಿ ಅಂದ್ನಾ? ಬನ್ನಿ, ನೀವೇ ನೋಡಿ. ಈ ಗೆರೆ ಮೇಲೆ ನಿಲ್ಬೇಕು, ಮುಳುಗೋಯ್ತೈತೆ. ಕ್ಯಾನ್ ತೊಳೆದ ನೀರು ಪೂರ್ತಿ ಚೆಲ್ಲಿಲ್ಲ, ಅಷ್ಟೇ.”

ಗಿರಿಯಮ್ಮ ಬಗ್ಗಿ ನೋಡುತ್ತಾರೆ. ಮನೆಯಲ್ಲಿರುವ ಸೊಸೆಗೆ ಇಲ್ಲಿಂದಲೇ ನಾಲ್ಕು ಮಾತು ಬೈದು, ಕ್ಯಾನು ಎತ್ತಿಕೊಂಡು ಹೊರಡುತ್ತಾರೆ. ಕಾರಣ ತೋರಿಸದೆ ಯಾರ ಹಾಲನ್ನೂ ವಾಪಸ್ ಕಳಿಸಬಾರದು ಎನ್ನುವುದು ಪ್ರೇಮಲತಾ ಅವರೇ ಹಾಕಿಕೊಂಡ ನಿಯಮ.

ಇಷ್ಟು ಮರ್ಯಾದೆ ಸಿನಿಮಾದವರಿಂದ ಇವರಿಗೆ ಸಿಕ್ಕಿಲ್ಲ. ಪ್ರೇಮಲತಾ ಚಿತ್ರಕಥೆ ಬರೆಯುತ್ತಾರೆ. ಬೆಳಗಿನ ಹಾಲು ಹೋಗಿ ಸಂಜೆಯ ಹಾಲು ಬರುವತನಕ ಡೇರಿಯ ಮೇಜೇ ಇವರ ಬರೆಯುವ ಮೇಜು. ಇವರ ಸ್ಕ್ರಿಪ್ಟಿನಲ್ಲಿ, ಗಂಡನ ಕೈ ಮುರಿದಾಗ ಚಿಕ್ಕಗಂಗಿ ಎಂಬಾಕೆ ಅವನ ಹಾಲಿನ ಟೆಂಪೋ ಓಡಿಸಲು ಕೂರುತ್ತಾಳೆ. ಅವನ ಕೈ ಸರಿಹೋದ ಮೇಲೂ ಇಳಿಯುವುದಿಲ್ಲ. ಅಷ್ಟೇ ಕಥೆ, ಆದರೆ ಇವರ ಬಗ್ಗೆ ಬರೆಯಲು ಬಂದು ಕೇಳಿದ ನನಗೆ ಮುಂದೇನಾಯಿತು ಎಂದು ಚಡಪಡಿಕೆ ಶುರುವಾಯಿತು.

ಬೆಂಗಳೂರಿನ ಮೊದಲ ಸಿನಿಮಾ ಆಫೀಸಿನಲ್ಲಿ “ಇಟ್ಟೋಗಿ, ನಾವೇ ಫೋನ್ ಮಾಡ್ತೀವಿ” ಎಂದವರು ಇವತ್ತಿಗೂ ಮಾಡಿಲ್ಲ. ಎರಡನೆಯದರಲ್ಲಿ ಏನು ಕೆಲಸ ಎಂದು ಕೇಳಿ, ಡೇರಿ ಎಂದಾಗ ನಕ್ಕರಂತೆ. ನಗುವಂಥದ್ದೇನಿತ್ತೋ ಆ ದೇವರಿಗೇ ಗೊತ್ತು. ಅವರ ಕಾಫಿಗೆ ಹಾಲು ಎಲ್ಲಿಂದ ಬರುತ್ತದಂತೆ?

“ಬಸ್ಸಲ್ಲಿ ಕಿಟಕಿ ಕಡೆ ತಿರುಗ್ಕಂಡು ನೆಲಮಂಗಲದ ತನಕ ಅತ್ತೆ” ಎನ್ನುತ್ತಾರೆ ಪ್ರೇಮಲತಾ. “ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದ್ಮೇಲೆ ಹಸಿವಾಯ್ತು. ತುಮಕೂರಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆ. ಬುಡು, ಇವ್ರಿಗೋಸ್ಕರ ನಾನ್ಯಾಕೆ ಉಪವಾಸ ಇರ್ಲಿ?”

ದಾರಿ ತೋರಿಸಿದವರು ಗುಬ್ಬಿಯ ಮೂಡಲಗಿರಿಯಪ್ಪ. ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುವ ಈ ಹಾರ್ಮೋನಿಯಂ ಮೇಷ್ಟ್ರು ಇವರ ಊರಿಗೂ ಬಂದಿದ್ದರು. ಪ್ರೇಮಲತಾ ಸ್ಕ್ರಿಪ್ಟ್ ಕೊಟ್ಟರೆ ಮೇಷ್ಟ್ರು ಅದನ್ನು ಬಿಚ್ಚಲೇ ಇಲ್ಲ. “ನಾನು ಚೆನ್ನಾಗೈತೆ ಅಂದ್ರೆ ಸಿನಿಮಾ ಆಗ್ಬುಡ್ತದಾ? ಜನಕ್ಕೆ ಓದಮ್ಮ. ಓದ್ತಾ ಓದ್ತಾ ಅವ್ರ ಮುಖ ನೋಡು. ಎಲ್ಲಿ ಎದ್ದೋಗ್ತಾರೋ ಅಲ್ಲಿ ಕೆಟ್ಟೈತೆ” ಎಂದರಂತೆ.

ಪ್ರೇಮಲತಾ ಸಂಜೆ ಹಾಲಿನ ಸಾಲಿನವರನ್ನೇ ಡೇರಿ ಜಗಲಿಯಲ್ಲಿ ಕೂರಿಸಿ ಓದಿದರು. ಮೊದಲ ದಿನ ಮಾನ ಹೋಯಿತು. ಚಿಕ್ಕಗಂಗಿ ಗಂಡನಿಗೆ “ನೀವು ನನ್ನ ಹಾದಿಗೆ ಅಡ್ಡಿಯಾಗಲಾರಿರಿ” ಎನ್ನುತ್ತಿದ್ದಂತೆ ಜಗಲಿಯೇ ಗೊಳ್ಳೆಂದಿತು. “ಗಂಡನ್ ಹತ್ರ ಹಿಂಗ್ ಮಾತಾಡಿದ್ರೆ ಡಾಕ್ಟ್ರತ್ರ ಕರ್ಕಂಡೋಗ್ತಾನೆ ಕಣವ್ವ” ಎಂದವರು ಇದೇ ಗಿರಿಯಮ್ಮ. ಈಗ ಆ ಜಾಗದಲ್ಲಿ “ನಾನಿಳಿಯಲ್ಲ, ನೀನೇ ಹತ್ತು” ಎಂದಿದೆ.

ಮದುವೆಯ ಸೀನಿನಲ್ಲಿ ಅರ್ಧಕ್ಕರ್ಧ ಜನ ಎದ್ದು ಹೋದರು. “ಅದು ನನ್ ಪ್ರಾಣ. ತೆಗೆಯೋವಾಗ ಕರುಳು ಕಿತ್ತಂಗಾಯ್ತು. ಆದ್ರೆ ಅವಳು ಮೊದಲ್ನೇ ಸಲ ಟೆಂಪೋ ರಿವರ್ಸ್ ತೆಗೀತಾಳಲ್ಲ, ಅಲ್ಲಿ ಯಾರೂ ಅಲ್ಲಾಡ್ಲಿಲ್ಲ. ದೊಡ್ಡಮ್ಮ ಖಾಲಿ ಕ್ಯಾನ್ ತಬ್ಕಂಡು ಕೂತಿದ್ರು” ಎಂದು ಪ್ರೇಮಲತಾ ನಗುತ್ತಾರೆ.

ನಾವು ಹೀಗೆ ಮಾತಾಡುತ್ತಿರುವಾಗಲೇ ತಿದ್ದಿದ ಸ್ಕ್ರಿಪ್ಟ್ ಕೊಟ್ಟಿದ್ದ ಮೂರನೆಯ ಆಫೀಸಿನಿಂದ ಫೋನು ಬರುತ್ತದೆ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿದೆ.

“ಚೆನ್ನಾಗಿದೆ ಮೇಡಂ. ಆದ್ರೆ ನಮಗೆ ಆಗಲ್ಲ.”

“ಕಾರಣ ಹೇಳಿ ಸರ್.”

“ಕಾರಣ ಎಲ್ಲಾ ಯಾಕೆ ಮೇಡಂ...”

“ನಾನು ದಿನಾ ಬೆಳಗ್ಗೆ ಹಾಲು ವಾಪಸ್ ಕಳಿಸೋಳು ಸರ್. ಕಾರಣ ಹೇಳ್ದೆ ಕಳಿಸಿದ್ರೆ ನಮ್ ಜನ ನನ್ನ ಸುಮ್ನೆ ಬಿಡ್ತಾರಾ? ಹೇಳಿ.”

ಆ ಕಡೆಯವರು ಕಾರಣ ಹೇಳುತ್ತಾರೆ: “ಮೊದಲರ್ಧ ನಿಧಾನ. ಮತ್ತೆ, ಇದರಲ್ಲಿ ಹೀರೋನೇ ಇಲ್ಲ. ಗಾಡಿ ಹೀರೋ ಓಡಿಸ್ಲಿ, ಆಕೆ ಪಕ್ಕದಲ್ಲಿ ಕೂತಿರ್ಲಿ. ಹಾಗೆ ಬದಲಾಯಿಸಿದ್ರೆ ಈ ವಾರಾನೇ ಮಾತಾಡೋಣ.”

ಹೂಂ ಎಂದರೆ ಸಾಕು, ತೆರೆಯ ಮೇಲೆ ಹೆಸರು ಬರುತ್ತದೆ. ಪ್ರೇಮಲತಾ ಕಣ್ಣು ಮುಚ್ಚುತ್ತಾರೆ.

“ನಿಧಾನ ಅಂದ್ರಲ್ಲ, ಅದು ನಿಜ ಇರ್ಬೋದು. ಸರಿ ಮಾಡ್ತೀನಿ. ಸ್ಟೇರಿಂಗ್ ಮಾತ್ರ ಕೊಡಲ್ಲ ಸರ್.”

ಫೋನ್ ಇಟ್ಟು ನನ್ನ ಕಡೆ ತಿರುಗುತ್ತಾರೆ. “ತಪ್ಪು ಮಾಡ್ಬುಟ್ನಾ?” ಎಂದು ಕೇಳುತ್ತಾರೆ. ಅಷ್ಟರಲ್ಲೇ ಗುಬ್ಬಿಗೆ ಫೋನು ಹಚ್ಚಿಯಾಗಿದೆ. ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: “ಎದ್ದೋದೋನು ಒಬ್ಬ. ಕೂತಿರೋರನ್ನ ನೋಡಮ್ಮ.”

ಮರುದಿನ ಬೆಳಗ್ಗೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಗಿರಿಯಮ್ಮ. ಲ್ಯಾಕ್ಟೋಮೀಟರು ಗೆರೆಯ ಮೇಲೆ ನಿಲ್ಲುತ್ತದೆ. ಗೆದ್ದ ಮುಖದಲ್ಲೇ ಅವರು ಕೇಳುತ್ತಾರೆ: “ನಿನ್ ಕತೆ ಏನಾಯ್ತವ್ವ?”

“ವಾಪಸ್ ಬಂತು ದೊಡ್ಡಮ್ಮ. ಚಿಕ್ಕಗಂಗಿ ಪಕ್ಕದ ಸೀಟಲ್ಲಿ ಕೂರ್ಬೇಕಂತೆ.”

“ಯಾಕ್ ಕೂರ್ಬೇಕು? ಗಾಡಿ ಏನ್ ಅವರಪ್ಪನ ಮನೇದಾ? ನಿನ್ನೆ ನನ್ ಹಾಲು ವಾಪಸ್ ಕಳಿಸ್ದೆ. ನಾನೇನ್ ಹಸ ಮಾರ್ಕಂಡ್ನಾ? ಇವತ್ತು ತಂದಿಲ್ವಾ?”

ಬೆಳಗಿನ ಹಾಲು ಹೋದ ಮೇಲೆ ಪ್ರೇಮಲತಾ ಮುಖ ತೊಳೆದು, ಸ್ಕ್ರಿಪ್ಟನ್ನು ಬ್ಯಾಗಿಗೆ ಹಾಕಿಕೊಂಡು ರಸ್ತೆಗೆ ಬರುತ್ತಾರೆ. ಬೆಂಗಳೂರಿನಲ್ಲಿ ಇನ್ನೊಂದು ಆಫೀಸಿದೆಯಂತೆ. ಈ ಕಥೆ ಕೊನೆಗೆ ಏನಾಗಬೇಕು ಅಂತ ನಿಮ್ಮಾಸೆ ಎಂದು ನಾನು ಕೇಳುವ ಹೊತ್ತಿಗೆ ಬಸ್ಸು ಬಂದೇಬಿಡುತ್ತದೆ. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ತಿರುಗುತ್ತಾರೆ.

“ನಮ್ ಡೇರಿ ಸಾಲಿನೋರೆಲ್ಲ ತುಮಕೂರಿಗೆ ಹೋಗಿ ಥಿಯೇಟರಲ್ಲಿ ಕೂತು ನೋಡ್ಬೇಕು. ಯಾರೂ ಮಧ್ಯದಲ್ಲಿ ಎದ್ದೋಗಲ್ಲ. ನಂಗೊತ್ತು.”