ರೈಲು ಹೋಗುವವರೆಗೆ

ಮೊನ್ನೆ ಭಾನುವಾರ ಬೆಳಿಗ್ಗೆ ಕಾಲುಚೀಲ ಹುಡುಕುತ್ತ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಕಾಲುಚೀಲಗಳು ಎಂದೂ ಜೋಡಿಯಾಗಿ ಬಾಳಿದ್ದಿಲ್ಲ. ಒಂದು ಸಿಕ್ಕರೆ ಇನ್ನೊಂದು ಮುನಿಸಿಕೊಂಡು ತವರಿಗೆ ಹೋಗಿರುತ್ತದೆ. ಹಾಗೆ ತಡಕುವಾಗ ದಪ್ಪ ಉಣ್ಣೆಯದೊಂದು ಕೈಗೆ ಬಂತು. ಒಳಗೆ ಏನೋ ಭಾರ. ಮೂಗಿನ ಹತ್ತಿರ ತಂದೆ. ಕಾಲುಚೀಲ ಮೂಸುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ನನಗೂ ಗೊತ್ತು, ಆದರೆ ಯಾರೂ ನೋಡದಿದ್ದಾಗ ನೀವೂ ಮಾಡುವ ಕೆಲಸವೇ ಅದು. ಬೆವರಿನ ವಾಸನೆ ಇರಲಿಲ್ಲ. ಕೊಬ್ಬರಿಯ ವಾಸನೆ, ಸ್ವಲ್ಪ ಕಮಟಾದದ್ದು. ಮೂಗಿಗೆ ಬಡಿದ ಕೂಡಲೇ ಒಳಗೇನಿದೆ ಎಂದು ಗೊತ್ತಾಯಿತು.

ಒಳಗಿದ್ದದ್ದು ಗಾಜು ಒಡೆದ ಒಂದು ಹಳೆಯ ಫೋನು. ಅದು ನಮ್ಮ ಚಿತ್ರತಂಡದ ಇಡೀ ಧ್ವನಿ ವಿಭಾಗ. ನಿಜವಾದ ಸಿನಿಮಾದವರು ಉದ್ದನೆಯ ಕೋಲಿಗೆ ಮೈಕು ಕಟ್ಟಿ ನಟರ ತಲೆಯ ಮೇಲೆ ಹಿಡಿಯುತ್ತಾರೆ. ನಮ್ಮಲ್ಲಿ ಕೋಲು ಇತ್ತು, ಮೈಕು ಇರಲಿಲ್ಲ. ಆದ್ದರಿಂದ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಗಾಳಿಯ ಸದ್ದು ತಡೆಯಲು ಕಾಲುಚೀಲದೊಳಗೆ ಹಾಕಿ, ಮಾತಾಡುವವರ ಪಕ್ಕದಲ್ಲಿ ಕ್ಯಾಮೆರಾಕ್ಕೆ ಕಾಣದ ಹಾಗೆ ಅಡಗಿಸುತ್ತಿದ್ದೆವು. ಹೂವಿನ ಕುಂಡ, ಅಕ್ಕಿ ಮೊರ, ಒಮ್ಮೆ ಮಲಗಿದ್ದ ನಾಯಿಯ ಬೆನ್ನ ಹಿಂದೆ. ಆ ನಾಯಿಯ ಗೊರಕೆ ಮಾತ್ರ ಅಚ್ಚುಕಟ್ಟಾಗಿ ದಾಖಲಾಗಿತ್ತು.

ತಂಡ ಅಂದರೆ ಮೂರೇ ಜನ. ಗುಬ್ಬಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನ್ನದು ಕಥೆ, ಸಂಭಾಷಣೆ, ನಿರ್ದೇಶನ. ನನ್ನ ಸಹಿಯ ಕೆಳಗೆ ಬರೆಯಲು ಬೇರೇನೂ ಇರಲಿಲ್ಲವಾದ್ದರಿಂದ ಈ ಬಿರುದುಗಳನ್ನು ನಾನೇ ಇಟ್ಟುಕೊಂಡಿದ್ದೆ. ಕ್ಯಾಮೆರಾ ರವೀಶನದು. ಅವನು ತುಮಕೂರಿನಲ್ಲಿ ಮದುವೆ ವಿಡಿಯೊ ತೆಗೆಯುವವನು. ಮುಹೂರ್ತವಿಲ್ಲದ ತಿಂಗಳಲ್ಲಿ ಮಾತ್ರ ಕಲೆಗೆ ಸಿಗುತ್ತಿದ್ದ. ಎಡಿಟಿಂಗ್ ಕುಣಿಗಲ್ಲಿನ ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುವ ಮಮತಾಳದು. ಮೊದಲ ಚಿತ್ರ ತೆಗೆದದ್ದು ಕುಣಿಗಲ್ ಕೆರೆ ಏರಿಯ ಮೇಲೆ. ನಾಯಕಿ ಬಿಕ್ಕಿ ಬಿಕ್ಕಿ ಅಳಬೇಕಾದ ದೃಶ್ಯ; ಅವಳು ಪಾಪ ನಿಜವಾಗಿಯೇ ಅಳು ತಂದುಕೊಂಡಿದ್ದಳು. ರವೀಶ ಅಭ್ಯಾಸಬಲದಿಂದ ಕ್ಯಾಮೆರಾದ ಹಿಂದಿನಿಂದ, "ಮೇಡಮ್, ಒಂಚೂರು ನಗಿ, ಗಲ್ಲ ಮೇಲಕ್ಕೆ" ಅಂದ. ಅವಳು ನಕ್ಕಳು, ನಾವೂ ನಕ್ಕೆವು, ಅಷ್ಟು ಹೊತ್ತಿಗೆ ಬಿಸಿಲು ಹೋಯಿತು. ಅಂಥ ಸುಖದ ದಿನಗಳು.

ಎರಡನೆಯ ಚಿತ್ರಕ್ಕೆ ಸಿಕ್ಕವರು ನಿಟ್ಟೂರಿನ ಬಸವಲಿಂಗಣ್ಣ. ರೈಲು ಹಳಿಗೆ ಅಂಟಿಕೊಂಡಂತೆ ಅವರ ಮನೆ, ಜಗಲಿಯ ಮೇಲೆ ಕೊಬ್ಬರಿ ವ್ಯಾಪಾರ. ಊರಿನ ಪೌರಾಣಿಕ ನಾಟಕಗಳಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿದವರು ಎಂದು ಕೇಳಿ ಹುಡುಕಿಕೊಂಡು ಹೋಗಿದ್ದೆ. ಯಾವ ಪಾತ್ರ ಮಾಡ್ತಿದ್ರಿ ಎಂದರೆ ಸ್ವಲ್ಪ ಹೊತ್ತು ಮೀಸೆ ತಿರುವಿದರು.

"ದ್ವಾರಪಾಲಕ ಕಣ್ಸಾರ್."

"ಬೇರೆ?"

"ಬೇರೆ ನಾಟ್ಕದಲ್ಲೂ ದ್ವಾರಪಾಲಕನೇ. ಆಳು ಎತ್ತರ ಇದೀನಲ್ಲ, ಈಟಿ ಹಿಡ್ಕಂಡ್ ನಿಂತ್ರೆ ಒಪ್ತೈತೆ ಅಂತಿದ್ರು. ಮಾತಿಲ್ಲ. ಒಂದೇ ಒಂದ್ ಮಾತು, 'ಅಪ್ಪಣೆ ಪ್ರಭೂ.' ಅದೂ ಎಷ್ಟೋ ಸಲ ಹಾರ್ಮೋನಿಯಂನಾಗೆ ಮುಚ್ಚೋಗದು."

ನನ್ನ ಚಿತ್ರದಲ್ಲಿ ಅವರಿಗೆ ನಾಲ್ಕು ಪುಟ ಮಾತಿತ್ತು. ಗೋಡೆಯ ಜಗಳಕ್ಕೆ ಇಪ್ಪತ್ತು ವರ್ಷ ತಂಗಿಯ ಜೊತೆ ಮಾತು ಬಿಟ್ಟ ಅಣ್ಣ, ಕೊನೆಗೊಂದು ದಿನ ಅವಳ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುವುದೇ ಕಥೆ. ಹಾಳೆಗಳನ್ನು ಕೊಟ್ಟಾಗ ಬಸವಲಿಂಗಣ್ಣ ಮೇಲಿಂದ ಕೆಳಗೆ ನೋಡಿ, "ಇಷ್ಟೂ ನಂದೇನಾ?" ಅಂದರು. ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟರು.

ತಂಗಿಯ ಪಾತ್ರಕ್ಕೆ ಅವರ ಹೆಂಡತಿ ಗಂಗಮ್ಮನವರನ್ನೇ ಹಾಕಿದರೆ ಖರ್ಚಿಲ್ಲ, ಮನೆಯೂ ಅಲ್ಲೇ ಇದೆ ಎಂದು ನಾನು ಜಾಣ ಲೆಕ್ಕ ಹಾಕಿದ್ದೆ. ಆಯಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಏನಪ್ಪಾ ನೀನು ಓದಿದೋನು, ತಾಳಿ ಕಟ್ಟಿದ್ ಗಂಡನ್ನ ಅಣ್ಣಾ ಅಂತ ಕರೀಲಾ ನಾನು? ನಾಳೆ ಊರೋರು ಏನಂತಾರೆ? ಬುಡು ಬುಡು!" ಎಷ್ಟು ಹೇಳಿದರೂ ಒಪ್ಪಲಿಲ್ಲ. ಬೇರೆ ಹೆಂಗಸರನ್ನು ಕರೆಯೋಣವೆಂದರೆ ಅದಕ್ಕೂ ಒಪ್ಪಲಿಲ್ಲ. ತನ್ನ ಮನೆಯೊಳಗಿಂದ ಇನ್ನೊಬ್ಬಳು ಬಾಗಿಲು ತೆಗೆಯುವುದೆಂದರೇನು? ಕೊನೆಗೆ ಮಮತಾ, "ಬಾಗಿಲು ತೆಗೆಯೋದೇ ಬೇಡ ಸರ್. ಅವ್ಳು ಒಳಗೇ ಇರ್ಲಿ, ಇವ್ರು ಮುಚ್ಚಿದ್ ಬಾಗಿಲಿಗೇ ಹೇಳ್ಲಿ" ಅಂದಳು. ಆಮೇಲೆ ಚಿತ್ರ ನೋಡಿದವರೆಲ್ಲ ಆ ಮುಚ್ಚಿದ ಬಾಗಿಲನ್ನು ಹೊಗಳಿದರು. ಎಷ್ಟು ಆಳವಾದ ಸಂಕೇತ ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ.

ಚಿತ್ರೀಕರಣದ ದಿನ ನಮಗೊಂದು ಹೊಸ ವಿಷಯ ತಿಳಿಯಿತು. ಹಳಿಯ ಪಕ್ಕದ ಆ ಬೀದಿಯವರು ರೈಲು ಬಂದರೆ ಮಾತು ನಿಲ್ಲಿಸುತ್ತಾರೆ. ನಾವಾದರೆ ದನಿ ಏರಿಸುತ್ತೇವೆ, ಇಲ್ಲವೇ ಹೇಳಹೊರಟಿದ್ದನ್ನು ಮರೆಯುತ್ತೇವೆ. ಅವರು ಹಾಗಲ್ಲ. ಅಂಗೈ ಒಂದಿಷ್ಟು ಮೇಲೆತ್ತಿ ಸುಮ್ಮನಾಗುತ್ತಾರೆ. ಕೊನೆಯ ಡಬ್ಬಿ ದಾಟಿದ ಮೇಲೆ ಎಲ್ಲಿ ಬಿಟ್ಟಿದ್ದರೋ ಆ ಪದದಿಂದಲೇ ಮುಂದುವರಿಸುತ್ತಾರೆ. ಕೇಳುವವರೂ ಕಾಯುತ್ತಾರೆ. ಗಂಡ ಹೆಂಡತಿ ಜಗಳವಾಡುತ್ತಿದ್ದರೂ ಅಷ್ಟೇ, ರೈಲು ಹೋಗುವವರೆಗೆ ಕದನವಿರಾಮ.

ಫೋನನ್ನು ಬಸವಲಿಂಗಣ್ಣನ ಪಕ್ಕದ ಕೊಬ್ಬರಿ ಬುಟ್ಟಿಯಲ್ಲಿ ಹೂತಿದ್ದೆವು. ಅವರು ಬಾಗಿಲ ಕಡೆ ನೋಡುತ್ತಾ ಶುರು ಮಾಡಿದರು. ನಾನು ಬರೆದದ್ದು ಗ್ರಂಥದ ಕನ್ನಡ. ಅವರು ಅದನ್ನು ತಮ್ಮ ಮಾತಿಗೆ ತಿರುಗಿಸಿಕೊಂಡಿದ್ದರು. "ತಂಗೀ, ಬಾಗ್ಲು ತೆಗೀಬ್ಯಾಡ, ಅಲ್ಲೇ ಕೇಳಸ್ಕ. ಗೋಡೆ ಎಬ್ಬಿಸ್ದೋನು ನಾನು. ನಂದೇ..." ಅಂದಾಗ ರೈಲು ಬಂತು. ಅಂಗೈ ಎತ್ತಿದರು, ಕಾದರು. ಅದು ಗೂಡ್ಸು, ಮುಗಿಯುವ ಹಾಗೇ ಇಲ್ಲ. ಅವರ ಕಣ್ಣು ಬಾಗಿಲ ಮೇಲೇ ಇತ್ತು. ಸದ್ದು ಅಡಗಿದ ಮೇಲೆ ಮೆಲ್ಲಗೆ, "...ತಪ್ಪು" ಅಂದರು.

ರವೀಶ ಕ್ಯಾಮೆರಾ ನಿಲ್ಲಿಸಿರಲಿಲ್ಲ. ನಾನು ಮಾತ್ರ ತಲೆ ಚಚ್ಚಿಕೊಂಡೆ. ಇನ್ನೊಮ್ಮೆ ತೆಗೆದರೆ ಇನ್ನೊಂದು ರೈಲು, ಅದಕ್ಕೊಂದು ಅಂಗೈ. ಮಧ್ಯಾಹ್ನದ ಹೊತ್ತಿಗೆ ನನ್ನ ಪಾಲಿಗೆ ಆ ಧ್ವನಿ ಪೂರ್ತಿ ಕೆಟ್ಟಿತ್ತು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ; ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದಕ್ಕೇ ಎಂದು ನಿಮಗೆ ಆಗಲೇ ಅನುಮಾನ ಬಂದಿರಬೇಕು. ತುಮಕೂರಿನಲ್ಲಿ ಕಿರುಚಿತ್ರ ಸ್ಪರ್ಧೆಯೊಂದಿತ್ತು. ಧ್ವನಿ ಶುದ್ಧವಾಗಿರಬೇಕು ಎಂದು ಯಾರೋ ಹೇಳಿದ್ದರು. ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ಪಡೆದ ಗಂಟಲು ನನ್ನದು. ಅದರ ಮೇಲೆ ನನಗೆ ಮೊದಲಿನಿಂದಲೂ ಮೋಹ. ಕಂಬಳಿ ಹೊದ್ದು ಕುಳಿತು ನಾಲ್ಕು ಪುಟವನ್ನೂ ನಾನೇ ಸ್ಪಷ್ಟವಾಗಿ, ಗ್ರಂಥದ ಕನ್ನಡದಲ್ಲಿ, ಓದಿಬಿಟ್ಟೆ. ತುಟಿ ಹೊಂದದ ಕಡೆ ಮುಚ್ಚಿದ ಬಾಗಿಲನ್ನು ತೋರಿಸಿದೆವು. ರೈಲು, ಅಂಗೈ, ಆ ಮೌನ, ಎಲ್ಲ ಕತ್ತರಿಸಿ ಹಾಕಿದೆ. "ಬೇಡ ಸರ್, ಆ ಅಜ್ಜ ಬೇಜಾರ್ ಮಾಡ್ಕೋತಾರೆ" ಎಂದು ಮಮತಾ ಮೂರು ಸಲ ಹೇಳಿದಳು. ನಿರ್ದೇಶಕ ಯಾರು ಎಂದು ನಾನು ಒಂದೇ ಸಲ ಕೇಳಿದೆ.

ಬಸವಲಿಂಗಣ್ಣನಿಗೆ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ ಅನ್ನುವುದೇ ಸರಿ. ಪ್ರದರ್ಶನದ ದಿನ ಅವರು ಟೆಂಪೊ ಮಾಡಿಕೊಂಡು ಬೀದಿಗೆ ಬೀದಿಯನ್ನೇ ಕರೆತಂದಿದ್ದರು. ಗಂಜಿ ಹಾಕಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ. ದೀಪ ಆರಿತು. ಪರದೆಯ ಮೇಲೆ ಅವರ ಮುಖ ಬಂದಾಗ ನಿಟ್ಟೂರಿನವರೆಲ್ಲ ಸಿಳ್ಳೆ ಹಾಕಿದರು. ಅವರು ಬಾಯಿ ತೆರೆದರು. ನನ್ನ ಧ್ವನಿ ಬಂತು.

ಸಿಳ್ಳೆ ನಿಂತಿತು. ಆ ನಿಶ್ಶಬ್ದದಲ್ಲಿ ಗಂಗಮ್ಮ ಗಟ್ಟಿಯಾಗಿ ಕೇಳಿದರು. "ಇದ್ಯಾರ್ದು ಗಂಟ್ಲು? ನಮ್ಮೋರ್ದಲ್ಲ ಇದು!"

"ಸುಮ್ಕಿರೇ, ಸಿನ್ಮಾದಾಗೆ ಹಂಗೇಯಾ" ಎಂದರು ಬಸವಲಿಂಗಣ್ಣ.

ಚಿತ್ರಕ್ಕೆ ಸಮಾಧಾನಕರ ಬಹುಮಾನ ಬಂತು. ಸಂಭಾಷಣೆಯ ಶುದ್ಧ ಉಚ್ಚಾರಣೆಯನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿದರು. ಹೊರಗೆ ಟೆಂಪೊ ಹತ್ತುವ ಮೊದಲು ಬಸವಲಿಂಗಣ್ಣ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. "ಚೆಂದಾಗ್ ಬಂದೈತೆ ಸಾರ್. ನನ್ ಮಾತು ಸರಿ ಬಂದಿರ್ನಿಲ್ಲ ಅಂತ ಕಾಣ್ತೈತೆ, ಅಲ್ವಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಏನೋ ತೊದಲಿದೆ. ಅಂದಿನಿಂದ ತಿಪಟೂರಿನ ಕಡೆಗೆ ರೈಲಿನಲ್ಲಿ ಹೋಗುವಾಗಲೆಲ್ಲ, ನಿಟ್ಟೂರು ಬಂತೆಂದರೆ ಅವರ ಮನೆಯಿಲ್ಲದ ಬದಿಯ ಕಿಟಕಿಯಲ್ಲಿ ತೆಂಗಿನ ಮರ ಎಣಿಸುತ್ತಾ ಕೂರುತ್ತಿದ್ದೆ. ಆರು ವರ್ಷ.

ಮೊನ್ನೆ ಕಾಲುಚೀಲದಲ್ಲಿ ಸಿಕ್ಕ ಆ ಫೋನು ಚಾರ್ಜಾಗಲು ಅರ್ಧ ದಿನ ತೆಗೆದುಕೊಂಡಿತು. ಅವತ್ತಿನ ಧ್ವನಿಯ ಪ್ರತಿ ಮಮತಾಳ ಹತ್ತಿರವಿದ್ದದ್ದು ಅವಳ ಕಂಪ್ಯೂಟರು ಕೆಟ್ಟಾಗಲೇ ಹೋಗಿತ್ತು; ಇಲ್ಲೊಂದಿದೆ ಎಂಬುದನ್ನು ನಾನು ಮರೆತಿದ್ದೆ, ಅಥವಾ ಮರೆಯಲು ಬಹಳ ಶ್ರಮಪಟ್ಟಿದ್ದೆ. ಒತ್ತಿದರೆ ಬಂತು. "ತಂಗೀ, ಬಾಗ್ಲು ತೆಗೀಬ್ಯಾಡ..." ಗೂಡ್ಸು ಬಂದು ಹೋಗುವವರೆಗೆ ಬೀರುವಿನ ಮುಂದೆ ನೆಲದ ಮೇಲೆ ಕುಳಿತಿದ್ದೆ. "...ತಪ್ಪು" ಅಂದಾಗ ನನಗೆ ಅಳು ಬಂತು. ನಾನು ಬರೆದದ್ದಕ್ಕಿಂತ ಅವರು ಹೇಳಿದ್ದು ಎಷ್ಟೋ ಮೇಲಾಗಿತ್ತು.

ಮದುವೆಯವರು ಯಾವಾಗ ಬಂದು ಏನು ಕೇಳುತ್ತಾರೋ ಎಂಬ ಭಯದಿಂದ ರವೀಶ ಏನನ್ನೂ ಅಳಿಸುವವನಲ್ಲ. ಅವತ್ತು ತೆಗೆದ ದೃಶ್ಯಗಳೆಲ್ಲ ಅವನಲ್ಲಿ ಸಿಕ್ಕವು. ಮಮತಾ ಕುಣಿಗಲ್ಲಿನಲ್ಲಿ ಎರಡು ದಿನ ಕೂತು ಧ್ವನಿ, ರೈಲು, ಅಂಗೈ ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸಿದಳು. "ಅವತ್ತೇ ಬಡ್ಕೊಂಡೆ" ಎಂದಷ್ಟೇ ಹೇಳಿದಳು. ಅದು ಅವಳ ದೊಡ್ಡಗುಣ. ನಾನಾಗಿದ್ದರೆ ಇನ್ನೂ ಹೇಳುತ್ತಲೇ ಇರುತ್ತಿದ್ದೆ.

ನಿನ್ನೆ ನಾನೊಬ್ಬನೇ ನಿಟ್ಟೂರಿಗೆ ಹೋದೆ. ಬಸವಲಿಂಗಣ್ಣ ಸ್ವಲ್ಪ ಬಾಗಿದ್ದಾರೆ, ಮೀಸೆ ಹಾಗೇ ಇದೆ. "ಏನ್ ಸಾರ್, ದಾರಿ ತಪ್ಪಿ ಬಂದ್ರಾ?" ಎಂದು ನಕ್ಕು ಕೊಬ್ಬರಿ ಬುಟ್ಟಿ ಸರಿಸಿ ಜಾಗ ಮಾಡಿದರು. ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟು ಹನ್ನೊಂದು ನಿಮಿಷದ ಆ ಚಿತ್ರ ಹಾಕಿದೆ. ಗಂಗಮ್ಮ ಅದೇ ಬಾಗಿಲಿನಲ್ಲಿ ನಿಂತು ನೋಡಿದರು. ಮುಗಿದಾಗ ಗಂಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹ್ಞಾ, ಇದು ನಮ್ಮೋರ್ ಗಂಟ್ಲು" ಅಂದರು. ಬಸವಲಿಂಗಣ್ಣ ಪರದೆಯನ್ನೇ ನೋಡುತ್ತಿದ್ದರು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಶುರು ಮಾಡಿದೆ. "ಬಸವಲಿಂಗಣ್ಣ, ಅವತ್ತು ನಿಮ್ಮ ಮಾತು ಚೆನ್ನಾಗಿತ್ತು. ಅದನ್ನ ತೆಗೆದು ನನ್ನ ಮಾತು ಹಾಕಿದ್ದು ನನ್ನ..."

ಗುಬ್ಬಿ ಕಡೆಯಿಂದ ರೈಲು ಬಂತು. ಅವರ ಅಂಗೈ ಮೇಲೆದ್ದಿತು. ಹಿಂದಿನ ನಾನಾಗಿದ್ದರೆ ಅದರ ಮೇಲೆ ಕೂಗಿ ಹೇಳಿ ಮುಗಿಸಿಬಿಡುತ್ತಿದ್ದೆ, ಅಥವಾ ಒಳ್ಳೆಯದೇ ಆಯಿತೆಂದು ನುಂಗಿಕೊಳ್ಳುತ್ತಿದ್ದೆ. ನಾನೂ ಕೈ ಎತ್ತಿ ಕಾದೆ. ಆ ಒಂದು ಪದ ಬಿಸಿ ಮುದ್ದೆಯ ತುತ್ತಿನಂತೆ ಬಾಯಲ್ಲೇ ಇತ್ತು. ಡಬ್ಬಿಗಳು ಒಂದೊಂದಾಗಿ ಹೋದವು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಯಾವ ಅವಸರವೂ ಇಲ್ಲದೆ. ಸದ್ದು ಪೂರ್ತಿ ಅಡಗಿತು.

"ತಪ್ಪು" ಅಂದೆ.

ಬಸವಲಿಂಗಣ್ಣ ತಲೆಯಾಡಿಸಿದರು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

"ಆತು ಬುಡಿ. ಈಗ ಇನ್ನೊಂದ್ಸಲ ಹಾಕಿ. ಸೌಂಡ್ ಒಸಿ ಜೋರಾಗ್ ಇಕ್ಕಿ ಸಾರ್, ಆಚೆ ಮನೆಯೋರ್ಗೂ ಕೇಳ್ಲಿ."